ಐಸಾನ್ ಧೂಮಕೇತುವಿನ ಮೇಲಣ ಅಪವಾದ

2013ನೆಯ ಇಸವಿಯ ನವೆಂಬರು ತಿಂಗಳಲ್ಲಿ ಸೂರ್ಯನ ಸಮೀಪಕ್ಕೆ ಹೋಗಿ ಒಡೆದು ಪುಡಿಯಾದ ಐಸಾನ್ ಧೂಮಕೇತುವನ್ನು ಠುಸ್ಸೆಂದ ಪಟಾಕಿಯೆಂದೂ, ಅದರ ವಿಷಯವನ್ನು ತಿಳಿಸಿದ ಖಗೋಳಜ್ಞರನ್ನು ಅಲ್ಪಜ್ಞರೆಂದೂ ಹಳಿಯುವ ವಾಡಿಕೆಯೊಂದು ಬೆಳೆದುಬಂದಿದೆ. ಹೀಗೆ ಹಳಿಯುವ ಮಹಾಶಯರು, ಮಾತು ಕೊಟ್ಟವರು ಯಾರು, ಕೊಟ್ಟ ಮಾತು ಯಾವುದು ಎಂಬುದನ್ನು ಒಮ್ಮೆಯಾದರೂ ವಿಚಾರಿಸಿದ್ದುಂಟೆ?

2012ನೆಯ ಸೆಪ್ಟೆಂಬರು 21ರಂದು ರಷ್ಯಾದೇಶದ ಕಿಸ್ಲೊವೊದ್ಸ್ಕ್ ಪಟ್ಟಣದ ಬಳಿ, 40 ಸೆಂಟಿಮೀಟರು ಅಗಲದ ಕನ್ನಡಿಯುಳ್ಳ ದೂರದರ್ಶಕದಿಂದ ನೆವ್‌ಸ್ಕಿ, ನೊವಿಚೊನೊಕ್ ಎಂಬ ಈರ್ವರು ಇದನ್ನು ಕಂಡುಹಿಡಿದರು. ಆಗ ಅದು ಗುರುಗ್ರಹದ ಕಕ್ಷೆಯಿಂದಾಚೆಗಿತ್ತು. ಮರುವರ್ಷದ ನವೆಂಬರು 28ರಂದು ಸೂರ್ಯನ ಮೇಲ್ಮೈಯಿಂದ 12 ಲಕ್ಷ ಕಿಲೋಮೀಟರಿಗೂ ಕಡಮೆ ದೂರದಲ್ಲಿ ಅದು ಹಾದುಹೋಗುವುದೆಂದು ಗಣಿತದಿಂದ ತಿಳಿದುಬಂದಿತು. ಆ ಗಣಿತವು ಸುಳ್ಳಾಗಲಿಲ್ಲ. ದಿನವೂ ತಪ್ಪಲಿಲ್ಲ, ದಾರಿಯೂ ತಪ್ಪಲಿಲ್ಲ.

ತಪ್ಪಿದ್ದು ಕಾಂತಿಯ ಲೆಕ್ಕ. ಐಸಾನ್ ಸೌರಮಂಡಲದ ಹೊರ ಅಂಚಿನಿಂದ ಮೊಟ್ಟಮೊದಲು ಒಳಗೆ ಬಂದ ಅತಿಥಿ. ಇಂಥವುಗಳ ಮೈಮೇಲಿನ, ಬೇಗನೆ ಆವಿಯಾಗುವ ಹಿಮವು ಬಹುದೂರದಲ್ಲಿಯೇ ಹಾರಿಹೋಗುತ್ತ ಅವುಗಳನ್ನು ಹೊಳೆಯಿಸುತ್ತದೆ. ಅಲ್ಲಿಯ ಹೊಳಪನ್ನು ನೋಡಿ ಇಲ್ಲಿಯ ಹೊಳಪನ್ನು ಗುಣಿಸಿದರೆ ಲೆಕ್ಕವು ಉಬ್ಬದೆ ಇರದು. 1973ರಲ್ಲಿ ಕೊಹೌಟೆಕ್ ಧೂಮಕೇತುವಿನ ವಿಷಯದಲ್ಲಿಯೂ ಹೀಗೆಯೇ ಆಗಿದ್ದಿತು. ಬಲ್ಲವರು ಈ ಎಚ್ಚರಿಕೆಯನ್ನು ಸೇರಿಸಿಯೇ ಹೇಳಿದ್ದರು. ಪತ್ರಿಕೆಗಳಾದರೋ 'ಒಂದು ವೇಳೆ' ಎಂಬ ಎರಡು ಮಾತುಗಳನ್ನು ಕಿತ್ತೆಸೆದು, 'ಶತಮಾನದ ಧೂಮಕೇತು', 'ಹುಣ್ಣಿಮೆಯ ಚಂದ್ರನನ್ನು ಮೀರಿಸುವ ಬೆಳಕು' ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿದವು. ವರನ ಆಸ್ತಿಯನ್ನು ಹತ್ತುಪಾಲು ಹಿಗ್ಗಿಸಿ ಹೇಳಿ ಸಂಬಂಧ ಕುದುರಿಸಿದ ಮಧ್ಯಸ್ಥಗಾರನು, ಆಮೇಲೆ ವರನನ್ನೇ ಮೋಸಗಾರನೆಂದು ದೂರುವ ಪರಿ ಇದು!

ಸೂರ್ಯಸಮೀಪದ ದಿನ ಖಗೋಳಜ್ಞರೂ ಆತುರಪಟ್ಟದ್ದುಂಟು; ಅದನ್ನು ಮರೆಮಾಚಬೇಕಾಗಿಲ್ಲ. ಸೌರವೀಕ್ಷಣೆಯ ಒಂದು ಉಪಗ್ರಹಕ್ಕೆ ಏನೂ ಕಾಣದಿರಲು 'ಸತ್ತಿತು' ಎಂದರು. ಸೋಹೋ ನೌಕೆಯ ಚಿತ್ರದಲ್ಲಿ ಬೀಸಣಿಗೆಯಂತಹ ಬೆಳಕೊಂದು ಹೊರಬರಲು 'ಬದುಕಿರಬಹುದು' ಎಂದರು. ಅದು ಹರಡಿ ಮಾಸಿಹೋಗಲು 'ಸತ್ತದ್ದೇ ದಿಟ' ಎಂದರು. ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಹುಡುಕಿದಾಗ ಅಲ್ಲಿ ಏನೂ ಉಳಿದಿರಲಿಲ್ಲ. ಮೂರು ಬಾರಿ ನಾಲಗೆ ತಿರುಗಿಸಿದರೆಂಬುದು ಆಕ್ಷೇಪ. ಕಣ್ಣಿಗೆ ಕಂಡದ್ದು ಮೂರು ಬಾರಿ ಬದಲಾದ ಮೇಲೆ ಮತ್ತೇನು ಮಾಡತಕ್ಕದ್ದು? ಜಾತಕ ಬರೆಯುವವನು ಮೊದಲ ಮಾತನ್ನೇ ಹಿಡಿದು ಕೂರಬಹುದು. ಆಕಾಶವನ್ನು ನೋಡುವವನಿಗೆ ಆ ಸೌಕರ್ಯವಿಲ್ಲ.

ಒಡೆದದ್ದರಿಂದ ನಷ್ಟವಾಯಿತೆಂಬ ಮಾತಂತೂ ಇನ್ನೂ ವಿಚಿತ್ರವಾದುದು. ಒಂದು ಕಿಲೋಮೀಟರೂ ಇದ್ದಿರಲಾರದ ಹಿಮದ ಗಡ್ಡೆಯೊಂದು, ಸೆಕೆಂಡಿಗೆ 370 ಕಿಲೋಮೀಟರಿಗೂ ಮೀರಿದ ವೇಗದಲ್ಲಿ, ಕಲ್ಲೂ ಆವಿಯಾಗುವ ಉರಿಯೊಳಗೆ ನುಗ್ಗಿ ಶಿಥಿಲವಾದುದನ್ನು ಹಲವು ನೌಕೆಗಳು ಏಕಕಾಲದಲ್ಲಿ ನೋಡಿದವು. 2011ರ ಡಿಸೆಂಬರಿನಲ್ಲಿ ಲವ್‌ಜಾಯ್ ಧೂಮಕೇತು ಸೂರ್ಯನಿಗೆ ಇನ್ನೂ ಬಹಳ ಹತ್ತಿರ, ಸುಮಾರು 1 ಲಕ್ಷ 40 ಸಾವಿರ ಕಿಲೋಮೀಟರಿನಲ್ಲಿ ಹಾದು, ಈಚೆಗೆ ಹೊರಬಂದ ಮೇಲೆ ಒಡೆದಿತ್ತು. ಅಷ್ಟು ಹತ್ತಿರ ಹೋದದ್ದು ಹೊರಬಂದೀತು, ಇಷ್ಟು ದೂರದಲ್ಲಿದ್ದುದು ಕರಗೀತು ಎಂದರೆ ಅವುಗಳ ಒಡಲಿನ ಕಟ್ಟುಗಾರಿಕೆಯಲ್ಲಿ ಏನು ಭೇದ? ಈ ಪ್ರಶ್ನೆಯನ್ನು ಕೈಗೆ ಕೊಟ್ಟುಹೋದುದಕ್ಕೆ ನಿಷ್ಫಲವೆಂದು ಹೆಸರಿಡುವವರು, ಆಕಾಶವು ದೀಪಾವಳಿಯ ಬಾಣಬಿರುಸಿನ ಅಂಗಡಿಯೆಂದು ತಿಳಿದಿರಬೇಕು.

ಚಳಿಯಲ್ಲಿ ಬೆಳಗಿನ ಜಾವ ಎದ್ದು ಮೂಡಣದತ್ತ ಕಣ್ಣು ನೆಟ್ಟ ಹುಡುಗನಿಗೆ 'ನೀನು ಮೋಸಹೋದೆ' ಎಂದು ಹೇಳಿದರೆ ಅವನು ಮತ್ತೊಮ್ಮೆ ಏಳುವನೆ? 2024ರಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಒಡೆದುಹೋಗುವುದೆಂದು ನುರಿತ ಖಗೋಳಜ್ಞರೊಬ್ಬರು ಮುಂಚಿತವಾಗಿ ಬರೆದಿದ್ದರು. ಅದು ಒಡೆಯಲಿಲ್ಲ, ಸೆಪ್ಟೆಂಬರಿನ ಕೊನೆಯಲ್ಲಿ ಸೂರ್ಯನನ್ನು ಸುತ್ತಿ ಬಂದು ಬಾಲಸಹಿತವಾಗಿ ಬರಿಗಣ್ಣಿಗೆ ಕಂಡಿತು. ಲೆಕ್ಕ ತಪ್ಪಿಸಿದ್ದಕ್ಕಾಗಿ ಅದನ್ನೂ ಮೋಸಗಾರನೆಂದು ಹಳಿಯಬೇಕಲ್ಲವೆ?