ಕಾರ್ಯಾನುಭವದ ತಾಸು ಮತ್ತು ಒಂದು ಗಾಳದ ಕೋಲು

ಮೀನು ಹಿಡಿಯುವ ಕೋಲಿನ ಮೇಲೆ ಶಾಲೆಯ ವಾರ್ಷಿಕ ಸಂಚಿಕೆಯಲ್ಲೊಂದು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ನಮ್ಮಲ್ಲಿ ಅರ್ಧ ಜನ ಮೀನು ತಿನ್ನುವವರೂ ಅಲ್ಲ. ಆದರೂ ಈ ವರ್ಷ ನಾವು ನಾಲ್ವರು ಗೆಳೆಯರು ಪಠ್ಯಪುಸ್ತಕದ ಹೊರಗೆ ಏನನ್ನಾದರೂ ಕಲಿತಿದ್ದರೆ ಅದು ಒಂದು ಬಿದಿರಿನ ಗಾಳದ ಕೋಲಿನಿಂದ. ನಾವು ಹೇಳಬೇಕೆಂದಿರುವ ಮಾತು ಇಷ್ಟೇ: ವೇಳಾಪತ್ರಕದಲ್ಲಿ ಕಾರ್ಯಾನುಭವಕ್ಕೆಂದು ಬರೆದ ತಾಸನ್ನು ಕಾರ್ಯಾನುಭವಕ್ಕೇ ಬಿಡಬೇಕು.

ಆ ತಾಸಿನ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಪರೀಕ್ಷೆ ದೂರವಿದ್ದಾಗ ಅದು ಗಣಿತಕ್ಕೆ ಕಡ ಹೋಗುತ್ತದೆ, ಹತ್ತಿರ ಬಂದಾಗ ವಿಜ್ಞಾನಕ್ಕೆ. ಕಡ ಕೊಟ್ಟದ್ದು ತಿರುಗಿ ಬಂದದ್ದನ್ನು ನಾವಂತೂ ಕಂಡಿಲ್ಲ. ವರ್ಷದ ಕೊನೆಗೆ ಪ್ರಕಲ್ಪ ತೋರಿಸಬೇಕಾದಾಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮಾಕೋಲಿನ ಜ್ವಾಲಾಮುಖಿಯನ್ನು ಹಿಂದಿನ ಸಂಜೆ ಕೊಂಡು ತಂದು, ಅದಕ್ಕೆ ನಮ್ಮ ಹೆಸರಿನ ಚೀಟಿ ಅಂಟಿಸಿದರೆ ಮುಗಿಯಿತು. ನಾವೂ ಎಂಟನೆಯ ಇಯತ್ತೆಯಲ್ಲಿ ಹಾಗೆ ಮಾಡಿದವರೇ; ಸಾಧುಗಳಾಗಿ ಬರೆಯುತ್ತಿಲ್ಲ.

ಸಾಂಗ್ಲಿಯ ಹತ್ತಿರ ಹರಿಪುರದಲ್ಲಿ ವಾರಣೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ಆ ಸಂಗಮದ ದಂಡೆಯಲ್ಲಿ ಹುಡುಗರು ಒಂದು ಬಿದಿರು ಕೋಲಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಕೂತಿರುವುದನ್ನು ನೋಡಿದವರಿಗೆ ಅದರಲ್ಲಿ ವಿದ್ಯೆ ಏನಿದೆ ಎನಿಸುವುದು ಸಹಜ. ಆದರೆ ಪರದೇಶಗಳಲ್ಲಿ ಗಾಳದ ಇನ್ನೊಂದು ಬಗೆ ಇದೆ. ಅಲ್ಲಿ ಕೊಕ್ಕೆಗೆ ಹಕ್ಕಿಯ ಗರಿ ಮತ್ತು ನೂಲು ಸುತ್ತಿ ನೊಣದಂತೆ ಮಾಡುತ್ತಾರೆ. ಈ ಹುಸಿನೊಣಕ್ಕೆ ತೂಕವೇ ಇಲ್ಲ; ಕಲ್ಲೆಸೆದಂತೆ ಎಸೆಯಲು ಬರುವುದಿಲ್ಲ. ತೂಕವಿರುವುದು ದಾರಕ್ಕೆ. ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸುವುದು ಕೋಲಿನ ಬಾಗು. ಎಷ್ಟು ಬಾಗಬೇಕು, ಎಲ್ಲಿ ಬಾಗಬೇಕು, ಬಾಗಿ ಎಷ್ಟು ಬೇಗ ನೆಟ್ಟಗಾಗಬೇಕು ಎಂಬುದೆಲ್ಲ ಮಾಡಿದವನ ಕೈಯಲ್ಲಿದೆ.

ಅಮೇರಿಕೆಯ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನಲ್ಲಿ ಸ್ಯಾಮ್ಯುಯಲ್ ಫಿಲಿಪಿ ಎಂಬ ಬಂದೂಕು ತಯಾರಕನಿದ್ದ. ಅವನು ಪಿಟೀಲನ್ನೂ ಮಾಡುತ್ತಿದ್ದ. 1840ರ ದಶಕದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದ ಮೊದಲಿಗರಲ್ಲಿ ಅವನ ಹೆಸರು ಬರುತ್ತದೆ. ಆ ಕಾಲದ ಬಿದಿರು ಹಡಗಿನಲ್ಲಿ ಹೋಗುತ್ತಿದ್ದದ್ದು ನಮ್ಮ ಕಲಕತ್ತೆಯಿಂದ. ‘ಕಲಕತ್ತಾ ಬಿದಿರು’ ಎಂದೇ ಅದಕ್ಕೆ ಹೆಸರು. ಮುಂದೆ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು. 1950ರಲ್ಲಿ ಅಮೇರಿಕೆಯು ಚೀನದೊಂದಿಗೆ ವ್ಯಾಪಾರ ನಿಲ್ಲಿಸಿದಾಗ ಆ ಬಿದಿರೂ ನಿಂತು, ಗಾಜಿನ ನಾರಿನ ಕೋಲುಗಳ ಕಾಲ ಬಂತು. ಆದರೂ ಕೈಯಿಂದ ಬಿದಿರು ಕೋಲು ಮಾಡುವವರು ಇಂದಿಗೂ ಇದ್ದಾರೆ.

ನಮಗೆ ಬಿದಿರು ಕೊಟ್ಟವರು, ಸೀಳಲು ಕಲಿಸಿದವರು ಮಿರಜಿನಲ್ಲಿ ಬುಟ್ಟಿ ಹೆಣೆಯುವ ಒಬ್ಬ ಅಜ್ಜ. ಮರಾಠಿಯಲ್ಲಿ ಅವರ ಕಸುಬಿನವರನ್ನು ಬುರುಡರೆನ್ನುತ್ತಾರೆ, ನಮ್ಮಲ್ಲಿ ಮೇದಾರರು. ಶರಣ ಮೇದಾರ ಕೇತಯ್ಯನ ಹೆಸರನ್ನು ನಾವು ಕೇಳಿದ್ದು ಭಾಷಣಗಳಲ್ಲಿ. ಬಿದಿರು ಸೀಳುವಾಗ ಕತ್ತಿ ಒಂದು ಕಡೆಗೆ ಓಡಿದರೆ ದಪ್ಪ ಉಳಿದ ಬದಿಯನ್ನು ಬಾಗಿಸಿ ಸೀಳನ್ನು ನಡುವಿಗೆ ತರಬೇಕೆಂಬುದನ್ನು ಕಲಿತದ್ದು ಈ ಅಜ್ಜನ ಅಂಗಳದಲ್ಲಿ. ಗೆಣ್ಣು ಬಂದಲ್ಲಿ ಸೀಳು ಸೊಟ್ಟಗಿರುತ್ತದೆ. ಅದನ್ನು ದೀಪದ ಉರಿಗೆ ಹಿಡಿದು, ಬಿಸಿ ಇರುವಾಗಲೇ ನೆಟ್ಟಗೆ ಒತ್ತಿ, ಆರುವ ತನಕ ಬಿಡದೆ ಹಿಡಿಯಬೇಕು. ಬಿದಿರಿನ ಕಸುವೆಲ್ಲ ಹೊರಸಿಪ್ಪೆಯ ಒತ್ತಿನ ನಾರಿನಲ್ಲಿದೆ. ಆದುದರಿಂದ ಒಳಗಿನ ಎರಡು ಮೈಗಳನ್ನಷ್ಟೇ ಹತ್ತರಿಯಿಂದ ಕೀಸಬೇಕು, ಹೊರಮೈಯನ್ನು ಮುಟ್ಟಕೂಡದು.

ಇನ್ನು ಗಣಿತ. ಇಂಥ ಆರು ಸೀಳುಗಳು ಕೂಡಿದರೆ ಒಂದು ಕೋಲು. ಪ್ರತಿ ಸೀಳಿನ ಅಡ್ಡಕೊಯ್ತ ಸಮಬಾಹು ತ್ರಿಕೋನ, ಮೂಲೆ ಮೂಲೆಗೆ 60 ಅಂಶ. ಆರೂ ಕೂಡಿ ನಡುವೆ ತೂತಿಲ್ಲದ ಷಟ್ಕೋನ. ಅದೂ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗಬೇಕು. ತುದಿಯಲ್ಲಿ ಇಡೀ ಕೋಲಿನ ದಪ್ಪ ಸುಮಾರು 2 ಮಿಲಿಮೀಟರು. ಒಂದು ಸೀಳಿನ ಮೂಲೆ 60ರ ಬದಲು 58 ಆಯಿತೆನ್ನಿ, ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬಿರುಕು ಕಾಣುತ್ತದೆ. ವಹಿಯಲ್ಲಿ ಎರಡು ಅಂಶ ತಪ್ಪಿದರೆ ಅರ್ಧ ಗುಣ ಹೋಗುತ್ತದೆ ಅಷ್ಟೇ; ಇಲ್ಲಿ ಒಂದು ವಾರದ ಕೆಲಸ ಒಲೆಗೆ ಹೋಗುತ್ತದೆ. ನಮ್ಮ ಹನ್ನೊಂದು ಸೀಳುಗಳು ಒಲೆಗೆ ಹೋದವು. ಗಣಿತಕ್ಕೆಂದು ಕಾರ್ಯಾನುಭವದ ತಾಸನ್ನು ಕಡ ಒಯ್ಯುವ ಗುರುಗಳು ಇದನ್ನು ದಯವಿಟ್ಟು ಗಮನಿಸಬೇಕು.

ಈ ಕೋಲಿಗಾಗಿ ಅಮೇರಿಕೆಯ ತನಕ ಹೋಗಿ ಬಂದೆವು. ಅಂಥ ಕೈಗಳು ಮಿರಜಿನ ಸಿತಾರಮೇಕರ ಗಲ್ಲಿಯಲ್ಲಿಯೇ ಇವೆ. ಕತ್ತಿ-ಕಠಾರಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದ ಫರೀದಸಾಹೇಬರು ಸುಮಾರು 1850ರಲ್ಲಿ, ಪಟವರ್ಧನ ಸಂಸ್ಥಾನದ ಕಾಲದಲ್ಲಿ, ಕೆಟ್ಟ ವಾದ್ಯಗಳನ್ನು ತಿದ್ದುತ್ತ ತಿದ್ದುತ್ತ ತಂಬೂರಿ, ಸಿತಾರಗಳನ್ನೇ ಮಾಡತೊಡಗಿದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಅಲ್ಲೊಬ್ಬ ಬಂದೂಕಿನವ, ಇಲ್ಲೊಬ್ಬ ಕತ್ತಿಯವ! ಪಂಢರಪುರ, ಮಂಗಳವೇಢೆಗಳ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆಯನ್ನು ನೆನೆಹಾಕಿ, ಒಳಗಿನ ತಿರುಳು ಕೆರೆದು, ತೂನ್ ಮರದ ಕೊರಳಿಗೆ ಕೂಡಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ಮತ್ತೆ ಮತ್ತೆ ತಿಕ್ಕಿ ಹೊಳಪು ತರುತ್ತಾರೆ. ಇಷ್ಟಾದರೂ ತಂಬೂರಿ ಇನ್ನೂ ಮೂಕವೇ. ಕಡೆಯ ಕೆಲಸ ಜವಾರಿ. ನಾವು ಜವಾರಿ ಬದನೆಕಾಯಿ, ಜವಾರಿ ಕೋಳಿ ಎನ್ನುವ ಜವಾರಿ ಬೇರೆ, ಇದು ಬೇರೆ. ತಂತಿ ಹಾಯುವ ಕುದುರೆಯ ಮೇಲ್ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ತಂತಿ ಬಿಗಿದು, ಕೇಳಿ, ಸಡಿಲಿಸಿ, ಮತ್ತೆ ಉಜ್ಜಿ, ತಂತಿಯ ಕೆಳಗೊಂದು ನೂಲೆಳೆ ಸರಿಸಿ, ತುಂಬಿದ ನಾದ ಏಳುವ ಜಾಗ ಹುಡುಕುವುದು. ಒಂದು ಉಜ್ಜು ಹೆಚ್ಚಾದರೆ ಕುದುರೆ ಕೆಡುತ್ತದೆ. ಇದೇ ಮಿರಜಿನಲ್ಲಿ ನೆಲೆಸಿ ಕುಂದಗೋಳದ ಸವಾಯಿ ಗಂಧರ್ವರಂಥ ಶಿಷ್ಯರನ್ನು ಬೆಳೆಸಿದ, 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ಸ್ವತಃ ವಾದ್ಯ ಬಿಚ್ಚಿ ಜೋಡಿಸಬಲ್ಲವರಾಗಿದ್ದರು. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಸರಕಾರದ ಭೌಗೋಳಿಕ ಸೂಚಕ ದೊರೆಯಿತು. ಅಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಗಲ್ಲಿಗೆ ಸೈಕಲ್ಲಿನಲ್ಲಿ ಹೋಗಬಹುದಾದ ನಮ್ಮನ್ನು ಶಾಲೆಯಿಂದ ಒಮ್ಮೆಯೂ ಅಲ್ಲಿಗೆ ಒಯ್ದಿಲ್ಲ. ಸಹಲಿಗೆಂದು ಕೊಲ್ಲಾಪುರ, ಪನ್ಹಾಳ ಮಾತ್ರ ಎರಡು ಸಲ ಆಗಿವೆ.

ನಮ್ಮ ಕೋಲಿನ ಕಥೆ ಮುಗಿಸಬೇಕು. ತಾಸು ಸಿಗದೆ ರವಿವಾರಗಳಲ್ಲಷ್ಟೇ ಕೆಲಸ ಸಾಗಿತು. ಪ್ರದರ್ಶನದ ದಿನ ಬಂದೇ ಬಿಟ್ಟಿತು. ಬಿದಿರನ್ನು ಚೆನ್ನಾಗಿ ಕಾಯಿಸಿ ತೇವ ತೆಗೆಯಲು ನಮಗೆ ಪುರಸೊತ್ತಾಗಲಿಲ್ಲ. ಏಳು ದಿನ ಒಣಗಬೇಕಾದ ಅಂಟಿಗೆ ಎರಡೇ ದಿನ ಕೊಟ್ಟೆವು. ರೇಶಿಮೆ ದಾರದಿಂದ ದಾರದುಂಗುರಗಳನ್ನು ಬಿಗಿದು, ಮೇಲೆ ವಾರ್ನಿಶ್ ಬಳಿದೆವು. ನೋಡಲಿಕ್ಕೆ ಏನು ಚೆಂದ! ಪರೀಕ್ಷಕರು ಕೈಗೆತ್ತಿಕೊಂಡು ಸ್ವಲ್ಪವೇ ಬಾಗಿಸಿದರು. ‘ಚಟ್’ ಎಂದು ನಡುವೆ ಎರಡು ಸೀಳು ಬಾಯಿ ಬಿಟ್ಟವು. ಪ್ರಥಮ ಬಹುಮಾನ ಜ್ವಾಲಾಮುಖಿಗೆ ಹೋಯಿತು. ಅದು ಯಾವ ಅಂಗಡಿಯದೆಂದು ನಮಗೆ ಗೊತ್ತು, ಬಿಡಿ.

ಮುರಿದ ಕೋಲನ್ನು ಅಜ್ಜನಿಗೆ ತೋರಿಸಿದೆವು. ಅವರು ಬೆರಳಿನಿಂದ ಸಂದಿಯನ್ನು ಸವರಿ, “ಬಿದಿರಿಂದೇನ್ ತಪ್ಪಿಲ್ಲ ತಮ್ಮಗೋಳ್ರಾ, ಅದು ಒಣಗೂದ್ರಾಗ ನೀವು ಬಡಬಡ ಕಟ್ಟೀರಿ” ಅಂದರು. “ಅಜ್ಜಾ, ವ್ಯಾಳ್ಯಾ ಇರಲಿಲ್ಲ” ಎಂದೆವು. ಅವರು ನಕ್ಕರು.

ಹತ್ತನೆಯ ಇಯತ್ತೆಯ ಗುಣಗಳೇ ಮುಂದಿನ ದಾರಿ ತೋರಿಸುತ್ತವೆ, ಕೋಲಲ್ಲ ಎಂದು ಹಿರಿಯರು ಹೇಳುತ್ತಾರೆ. ಅದು ಸುಳ್ಳೆಂದು ನಾವು ಹೇಳುವುದಿಲ್ಲ. ಎಲ್ಲರೂ ಮೇದಾರರಾಗಿರಿ, ತಂಬೂರಿ ಮಾಡಿರಿ ಎಂದೂ ಅಲ್ಲ. ಮೊಬೈಲಿನಲ್ಲೇ ತಂಬೂರಿ ನುಡಿಯುವ ಈ ದಿನಗಳಲ್ಲಿ ಆ ಕಸುಬಿನವರ ಕಷ್ಟ ಅವರಿಗೇ ಗೊತ್ತು. ಆದರೆ ಕೊಂಡು ತಂದ ವಸ್ತುವಿಗೆ ಹೆಸರು ಅಂಟಿಸಿ ಗುಣ ಪಡೆಯುವುದನ್ನು ಶಾಲೆಯೇ ನಮಗೆ ಅಭ್ಯಾಸ ಮಾಡಿಸುತ್ತಿದೆಯಲ್ಲ, ಅದು ಗುಣಪತ್ರಿಕೆಯಲ್ಲಿ ಕಾಣದ ನಷ್ಟ. ವರ್ಷಕ್ಕೆ ಒಂದೇ ವಸ್ತು ಮಾಡೋಣ, ಶಾಲೆಯಲ್ಲಿ, ಗುರುಗಳ ಎದುರಿಗೆ. ಕೆಟ್ಟರೆ ಕೆಟ್ಟದ್ದನ್ನೇ ಪ್ರದರ್ಶನದಲ್ಲಿಟ್ಟು ಏಕೆ ಕೆಟ್ಟಿತೆಂದು ಬರೆಯೋಣ, ಅದಕ್ಕೂ ಗುಣವಿರಲಿ.

ಬರುವ ಜೂನ್ ತಿಂಗಳಿಂದ ಶನಿವಾರದ ಕೊನೆಯ ಎರಡು ತಾಸುಗಳನ್ನು ಇದಕ್ಕೆ ಬಿಡಬೇಕೆಂದು ಮುಖ್ಯಾಧ್ಯಾಪಕರಿಗೆ ಅರ್ಜಿ ಬರೆದು ಕೊಟ್ಟಿದ್ದೇವೆ. ನಾವು ಆಗ ಈ ಶಾಲೆಯಲ್ಲಿರುವುದಿಲ್ಲ. ಉಳಿದ ಮೂರು ಒಳ್ಳೆಯ ಸೀಳುಗಳು, ಹತ್ತರಿ ಮತ್ತು ಅಳತೆಯ ಚೀಟಿ ಪ್ರಯೋಗಶಾಲೆಯ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಮಳೆಗಾಲ ಮುಗಿದ ಮೇಲೆ ಕಡಿದ ಬಿದಿರಿಗೆ ಹುಳ ಬೀಳುವುದು ಕಡಿಮೆಯಂತೆ; ಒಂಬತ್ತನೆಯ ಇಯತ್ತೆಯ ತಮ್ಮಂದಿರೂ ತಂಗಿಯರೂ ದೀಪಾವಳಿ ಆದ ಕೂಡಲೇ ಅಜ್ಜನಿಗೆ ಹೇಳಿಡಬೇಕು.