ಮೊದಲು ಧೂಳು ಒರೆಸಿ, ಆಮೇಲೆ ಕುಂಕುಮ ಹಚ್ಚಿ

ಆಯುಧ ಪೂಜೆಗೆ ರಜೆ ಇರುತ್ತಲ್ಲ, ಹಾಗಾಗಿ ನಮ್ಮ ಆಫೀಸಿನಲ್ಲಿ ಪೂಜೆ ಹಿಂದಿನ ದಿನವೇ ಮುಗಿದುಹೋಗುತ್ತೆ. ಹುಡುಗೀರು ಸೀರೆ, ಹುಡುಗರು ಪಂಚೆ. ಸಾಲಾಗಿ ಇಟ್ಟ ಲ್ಯಾಪ್‌ಟಾಪ್‌ಗಳಿಗೆ ಅರಿಶಿನ, ಕುಂಕುಮ, ಸೇವಂತಿಗೆ. ಕಡ್ಲೆಪುರಿ ತಿಂದು, ಅದೇ ಕೈಯಲ್ಲಿ ಕೀಬೋರ್ಡ್ ಒತ್ತಿ, ಫೋಟೋ ಹಾಕಿದರೆ ಭಕ್ತಿ ಮುಗೀತು. ಹಬ್ಬ ಕಳೆದ ಮೇಲೆ ಅದೇ ಆಯುಧ ಹಾಸಿಗೆ ಮೇಲೆ ಬಿದ್ದಿರುತ್ತೆ, ಪಕ್ಕದಲ್ಲೊಂದು ಕಾಫಿ ಲೋಟ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಊರು. ಅಲ್ಲಿ ಆಯುಧ ಪೂಜೆ ಅಂದರೆ ಮುಕ್ಕಾಲು ಪಾಲು ತೊಳೆಯೋ ಕೆಲಸ. ಕತ್ತಿ, ಗುದ್ದಲಿ, ಹಾರೆ ಎಲ್ಲ ಉಜ್ಜಿ ಒಣಗಿಸಿದ ಮೇಲೆ ಕುಂಕುಮ. ಹಬ್ಬಕ್ಕೆ ಮಾತ್ರ ಅಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದ ದಿನ ಎಷ್ಟೇ ಸುಸ್ತಾಗಿದ್ದರೂ, ಪಂಪಿಗೆ ಒಳ್ಳೆ ನೀರು ಹಾಯಿಸಿ ತೊಳೆಯದೆ ಅಪ್ಪ ಊಟಕ್ಕೆ ಕೂರ್ತಿರಲಿಲ್ಲ. ಮೈಲುತುತ್ತ, ಸುಣ್ಣ ಒಳಗೇ ಒಣಗಿದರೆ ಮುಂದಿನ ಸಲ ಪಂಪು ಕೈಕೊಡುತ್ತೆ. ಪಂಪು ರಿಪೇರಿ ಆಗೋ ತನಕ ಕೊಳೆ ಕಾಯಲ್ಲ.

ಅದೇ ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಗೊಂಡು ನನಗೆ ಬಿಇ ಓದುವಾಗ ಲ್ಯಾಪ್‌ಟಾಪ್ ಕೊಡಿಸಿದ್ದರು. ಆರು ವರ್ಷ ಬಾಳಿತು. ಕೊನೆಗೆ ತಂಗಿ ಪ್ರಾಜೆಕ್ಟ್ ಮಾಡಿದ್ದೂ ಅದರಲ್ಲೇ. ಕೆಲಸ ಸಿಕ್ಕಿತು, ಕಂಪನಿ ಲ್ಯಾಪ್‌ಟಾಪ್ ಬಂತು. ಅದರ ಜೊತೆಗೆ ಒಂದು ಮಂತ್ರವೂ ಬಂತು: "ಕಂಪನಿದು ತಾನೆ!"

ನನ್ನ ಜಗಳ ಈ ಎರಡು ಪದದ ಜೊತೆ. ಕಂಪನಿದು ಅಂತ ಮುಚ್ಚಳವನ್ನ ಒಂದು ಮೂಲೆ ಹಿಡಿದು ಎಳೀತೀವಿ. ದಿನಾ ಎಳೆದೂ ಎಳೆದೂ ಹಿಂಜ್ ಸಡಿಲ ಆಗುತ್ತೆ. ಸ್ಕ್ರೀನ್ ಹಿಡಿದೇ ಎತ್ತಿಕೊಂಡು ಮೀಟಿಂಗಿಗೆ ಓಡ್ತೀವಿ. ಬ್ಯಾಗಿನಲ್ಲಿ ಸ್ಕ್ರೀನಿಗೆ ಒತ್ತಿದ ಹಾಗೆ ಚಾರ್ಜರ್ ತುರುಕಿ, ಬೆಂಗಳೂರಿನ ಗುಂಡಿಗಳ ಮೇಲೆ ಬೈಕ್ ಹಾರಿಸ್ತೀವಿ. ಹಾಸಿಗೆ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತೆ, ಒಳಗಿನ ಬಿಸಿಗೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಆಗ "ಸ್ಲೋ ಆಗಿದೆ, ಹೊಸದು ಕೊಡಿ" ಅಂತ ಐಟಿ ಟೀಮಿಗೆ ಟಿಕೆಟ್ ಹಾಕ್ತೀವಿ. ಹಗಲು ರಾತ್ರಿ ಚಾರ್ಜರ್ ಸಿಕ್ಕಿಸಿ 100ರಲ್ಲೇ, ಬಿಸಿಯಲ್ಲೇ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತೆ. 80ಕ್ಕೆ ಚಾರ್ಜ್ ನಿಲ್ಲಿಸೋ ಸೆಟ್ಟಿಂಗ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿದೆ. ದಿನಕ್ಕೆ ಹತ್ತು ಗಂಟೆ ಅದರ ಮುಂದೆ ಕೂರೋ ನಮಗೆ ಅದನ್ನ ಹುಡುಕೋಕೆ ಎರಡು ನಿಮಿಷ ಇಲ್ಲ.

"ನಾನು ಸ್ಕಿನ್ ಹಾಕಿಸಿದೀನಿ, ಕ್ಯಾಮೆರಾ ಕವರ್ ಹಾಕಿದೀನಿ" ಅಂತೀರಾ? ಸ್ಕಿನ್ ಗೀರು ತಡೆಯುತ್ತೆ ಅಷ್ಟೆ, ಬಿಸಿ ತಡೆಯಲ್ಲ, ಪೆಟ್ಟು ತಡೆಯಲ್ಲ. ಮುಚ್ಚಿದಾಗ ಸ್ಕ್ರೀನಿಗೂ ಕೀಬೋರ್ಡಿಗೂ ನಡುವೆ ಇರೋ ಸಂದು ತೀರಾ ಕಮ್ಮಿ. ಕ್ಯಾಮೆರಾ ಕವರ್ ಹಾಕಿ ಮುಚ್ಚಿದರೆ ಸ್ಕ್ರೀನ್ ಹಾಳಾಗಬಹುದು ಅಂತ 2020ರಲ್ಲಿ ಆಪಲ್ ಕಂಪನಿಯೇ ಮ್ಯಾಕ್‌ಬುಕ್ ಬಳಸೋರಿಗೆ ಎಚ್ಚರಿಕೆ ಕೊಟ್ಟಿತ್ತು. ಕಾಫಿ ಚೆಲ್ಲಿದರೆ ಅಕ್ಕಿ ಡಬ್ಬಿಗೆ ಹಾಕೋರೂ ಇದ್ದಾರೆ. ಅಕ್ಕಿ ಅನ್ನಕ್ಕೆ ಕಣ್ರೀ. ತಕ್ಷಣ ಚಾರ್ಜರ್ ಕಿತ್ತು, ಆಫ್ ಮಾಡಿ, ಬೋರಲು ಹಾಕಿ, ಆನ್ ಮಾಡಿ ನೋಡೋ ಆಸೆ ಬಿಟ್ಟು ರಿಪೇರಿಗೆ ಕೊಡಿ.

ಇನ್ನೊಂದು ವಾದ ಇದೆ, ಅದನ್ನ ಒಪ್ತೀನಿ ಕೂಡ. ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ್‍ಯಾಮ್ ಬೆಸುಗೆ ಹಾಕಿರ್ತಾರೆ, ಬ್ಯಾಟರಿ ಅಂಟಿಸಿರ್ತಾರೆ. ಬೇಗ ಹಾಳಾಗೋದರಲ್ಲಿ ಮಾಡಿದವರ ಪಾಲೂ ಇದೆ. ಅವರನ್ನ ಬೈಯೋಣ, ಬೈಯಲೇಬೇಕು. ಆದರೆ ಬಿಚ್ಚಿ ರಿಪೇರಿ ಮಾಡೋದು ಕಷ್ಟವಾದ ವಸ್ತುವನ್ನ ಇನ್ನೂ ಜೋಪಾನ ಮಾಡಬೇಕೋ, ಒಗೆದು ಬಿಸಾಡಬೇಕೋ?

"ಹೆಂಗೂ ಮೂರು-ನಾಲ್ಕು ವರ್ಷಕ್ಕೆ ಬದಲಾಯಿಸ್ತಾರಲ್ಲ" ಅಂತ ನಾನೂ ಅಂದವನೇ. ಬದಲಾಯಿಸಿದ ಹಳೇದು ಎಲ್ಲಿಗೆ ಹೋಗುತ್ತೆ ಅಂತ ಕೇಳಿರಲಿಲ್ಲ. ಆ ವರ್ಷ ನಮ್ಮ ಕಂಪನಿಯವರು ಹಳೇ ಲ್ಯಾಪ್‌ಟಾಪ್‌ಗಳನ್ನ ಸರ್ಕಾರಿ ಶಾಲೆಗಳಿಗೆ ಕೊಟ್ಟರು. ನಾನೇ ಓಡಾಡಿ ನಮ್ಮೂರ ಶಾಲೆಗೆ ಹತ್ತು ಕೊಡಿಸಿದೆ. ಊರಲ್ಲಿ ನನಗೆ ಬಹಳ ಮರ್ಯಾದೆ. ಮುಂದಿನ ರಜೆಗೆ ಹೋದಾಗ ಹೆಡ್ ಮೇಷ್ಟ್ರು ಬೀರು ತೆಗೆದು ತೋರಿಸಿದರು. ಹತ್ತರಲ್ಲಿ ಮೂಲೆಗೆ ಬಿದ್ದಿದ್ದು ಆರು. ಹಿಂಜ್ ಮುರಿದದ್ದು, ಕೀ ಕಿತ್ತುಹೋದದ್ದು, ಬ್ಯಾಟರಿ ಉಬ್ಬಿದ್ದು. ಒಂದರ ಮುಚ್ಚಳದ ಮೇಲೆ ನಾನು ಅಂಟಿಸಿದ್ದ ಸ್ಟಿಕ್ಕರ್ ಇನ್ನೂ ಇತ್ತು.

"ಇದರಲ್ಲಿ ನೀವು ಕೆಲಸ ಮಾಡ್ತಿದ್ರೋ, ಗದ್ದೆ ಹೂಡ್ತಿದ್ರೋ ಮಾರಾಯ?" ಅಂದರು ಮೇಷ್ಟ್ರು, ನಗ್ತಾ. ಹಿಂದೆ ನಾಲ್ಕು ಲ್ಯಾಪ್‌ಟಾಪಿಗೆ ಮೂವತ್ತು ಮಕ್ಕಳು ಮುಗಿಬಿದ್ದಿದ್ದರು. ನನಗೆ ನಗೋಕೆ ಆಗಲಿಲ್ಲ.

ಆ ಆರೂ ಕೊನೆಗೆ ಗುಜರಿಗೇ. 2022ರಲ್ಲಿ ಜಗತ್ತಿನಲ್ಲಿ ಬಿದ್ದ ಇ-ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ ಲೆಕ್ಕ ಸಿಕ್ಕಿದ್ದು 22.3 ಪರ್ಸೆಂಟ್ ಮಾತ್ರ ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತೆ. ನನ್ನ ಸ್ಟಿಕ್ಕರ್ ಇದ್ದ ಲ್ಯಾಪ್‌ಟಾಪ್ ಯಾವ ಲೆಕ್ಕಕ್ಕೆ ಸೇರಿತೋ.

ಹಾಗಾಗಿ ಈ ಸಲದ ಆಯುಧ ಪೂಜೆಗೆ ಒಂದೇ ಮಾತು. ಆಫ್ ಮಾಡಿ, ಒಣ ಬಟ್ಟೆ, ಮೆತ್ತನೆ ಬ್ರಷ್ ಹಿಡಿದು ಗಾಳಿಕಿಂಡಿ, ಕೀಬೋರ್ಡ್ ಸಂದಿಯ ಧೂಳು ತೆಗೀರಿ. ಬ್ಯಾಗಿನಲ್ಲಿ ಚಾರ್ಜರಿಗೆ ಬೇರೆ ಖಾನೆ ಮಾಡಿ. ಆಮೇಲೆ ಮುಚ್ಚಳದ ಮೇಲೆ ಒಂದು ಬೊಟ್ಟು ಕುಂಕುಮ ಇಡಿ. ಕಂಪನಿದು ಹೌದು ಸ್ವಾಮಿ. ಆದರೆ ಅನ್ನ ಹುಟ್ಟೋದು ಅದರಿಂದಲೇ, ನಿಮ್ಮದಾದ ಮೇಲೆ ಅದು ಇನ್ನೊಬ್ಬರದೂ ಆಗಬೇಕು.