ಕಾಂಬೊ ಆಮೇಲೆ ಕಲಿಸೋಣ

ಫೈಟಿಂಗ್ ಗೇಮ್ ಕಲಿಯಲು ಬಂದ ಹೊಸಬರಿಗೆ ನಾವು ಹಳಬರು ಮೊದಲು ಕೊಡುವುದು ಕಾಂಬೊಗಳ ಪಟ್ಟಿ: ಈ ಒದೆತದ ಹಿಂದೆ ಆ ಗುದ್ದು, ಅದರ ಬೆನ್ನಿಗೆ ಇನ್ನೊಂದು. ಅವರು ಟ್ರೈನಿಂಗ್ ಮೋಡ್‌ನಲ್ಲಿ ಅಲ್ಲಾಡದೆ ನಿಂತ ಗೊಂಬೆಯ ಮೇಲೆ ವಾರವಿಡೀ ಅದನ್ನು ಉರು ಹೊಡೆಯುತ್ತಾರೆ. ನಿಜವಾದ ಎದುರಾಳಿ ಸಿಕ್ಕ ದಿನ ಮೊದಲ ಒದೆತವೇ ತಾಗುವುದಿಲ್ಲ. ಹತ್ತು ಆಟ ಸೋತು, ಇದು ನಮಗಲ್ಲ ಎಂದು ಕಂಟ್ರೋಲರ್ ಕೆಳಗಿಡುತ್ತಾರೆ. ತಪ್ಪು ಅವರ ಬೆರಳುಗಳದ್ದಲ್ಲ, ಪಾಠದ ಕ್ರಮದ್ದು.

ಕಾಂಬೊ ನೋಡಲು ಚೆಂದ, ನಿಜ. ಆದರೆ 1991ರ ಸ್ಟ್ರೀಟ್ ಫೈಟರ್ 2ರಲ್ಲಿ ಅದು ತಯಾರಕರು ಯೋಜಿಸಿದ್ದೇ ಅಲ್ಲ, ಆಕಸ್ಮಿಕವಾಗಿ ನುಸುಳಿದ್ದು. ಆಟದ ತಿರುಳು ಬೇರೆ. ಹೊಡೆತವನ್ನು ಬ್ಲಾಕ್ ತಡೆಯುತ್ತದೆ. ಬ್ಲಾಕ್ ಮಾಡುತ್ತಲೇ ಕೂತವರನ್ನು ಹಿಡಿದು ಎಸೆಯಬಹುದು. ಹಿಡಿಯಲು ಬಂದವರಿಗೆ ಹೊಡೆತ ಮೊದಲು ಬೀಳುತ್ತದೆ. ಹೊಸಬರಿಗೆ ಬೇಕಾದದ್ದು ಈ ಮೂರರ ಲೆಕ್ಕ.

ಹಾಗಾಗಿ ಸ್ಟ್ರೀಟ್ ಫೈಟರ್ 6ರ ಮೊದಲ ಪಾಠ ಹೀಗಿರಲಿ. ಕಲಿಸುವವರು ಬರೀ ಜಿಗಿದು ಬರಲಿ, ಬೇರೇನೂ ಮಾಡದಿರಲಿ. ಹೊಸಬರು ರ‍್ಯೂನನ್ನು ಆರಿಸಿಕೊಂಡು, ಕೂತು ಹೆವಿ ಪಂಚ್ ಒತ್ತಿ ಹೊಡೆದಿಳಿಸಲಿ. ಒಂದು ಜಿಗಿತಕ್ಕೆ ಸುಮಾರು ಮುಕ್ಕಾಲು ಸೆಕೆಂಡು ಹಿಡಿಯುತ್ತದೆ; ನೋಡಿ ಒತ್ತಲು ಸಮಯವಿದೆ. ಅದು ಕೈಗೆ ಹತ್ತಿದ ಮೇಲೆ ಜಿಗಿತದ ಜೊತೆಗೆ ಎಸೆತ ಸೇರಿಸಿ, ಆಮೇಲೆ ಕಾಲಿಗೆ ಬೀಳುವ ಒದೆತ. ಬೇಕೆಂದೇ ಸೋಲಬೇಡಿ, ಅದು ಹೊಸಬರಿಗೆ ಗೊತ್ತಾಗಿಬಿಡುತ್ತದೆ. ನಿಮ್ಮ ಪಟ್ಟುಗಳನ್ನು ಕಡಿಮೆ ಮಾಡಿಕೊಂಡು ನಿಜವಾಗಿಯೇ ಆಡಿ.

ಮಾಡರ್ನ್ ಕಂಟ್ರೋಲ್ ಬಳಸುವವರನ್ನು ಅಣಕಿಸುವುದೂ ನಿಲ್ಲಲಿ. ಕೆಳಗೆ, ಓರೆ, ಮುಂದೆ ಎಂದು ತಿರುಗಿಸಿ ಪಂಚ್ ಒತ್ತಬೇಕಾದ ಹಡೋಕೆನ್ ಅಲ್ಲಿ ಒಂದೇ ಬಟನ್‌ಗೆ ಬರುತ್ತದೆ. ಬದಲಿಗೆ ಪೆಟ್ಟಿನ ಬಲ ಶೇ. 20ರಷ್ಟು ಕಡಿಮೆ. ಆ ಅನುಕೂಲಕ್ಕೆ ಆಟವೇ ಬೆಲೆ ವಸೂಲಿ ಮಾಡಿಕೊಂಡಿದೆ, ನಮ್ಮ ದಂಡ ಬೇರೆ ಬೇಡ.

ವಯಸ್ಸಾಯಿತು, ಕೈ ಓಡುವುದಿಲ್ಲ ಎನ್ನುವವರಿಗೆ ಒಂದು ಮಾತು: 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ.

ಇದು ಇಬ್ಬರ ಆಟ. ಹೊಸಬರು ಎದ್ದು ಹೋದರೆ ನಮಗೆ ಉಳಿಯುವುದು ಟ್ರೈನಿಂಗ್ ಮೋಡ್‌ನ ಗೊಂಬೆ ಮಾತ್ರ. ಆದ್ದರಿಂದ ಪ್ರತಿ ಆಟದ ನಂತರ ಎಷ್ಟು ಗೆದ್ದಿರಿ ಎಂದು ಕೇಳಬೇಡಿ. ನಾನು ಏನು ಮಾಡುತ್ತೇನೆಂದು ಯಾವಾಗ ಮೊದಲೇ ಗೊತ್ತಾಯಿತು ಎಂದು ಕೇಳಿ. ಅದಕ್ಕೆ ಉತ್ತರ ಬಂದ ದಿನ ಕಾಂಬೊ ಶುರು ಮಾಡಿ.